ಕಾಂಡ್ಲದ ಕೆಸರು: ಒಂದು ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕೋಟೆಕೊತ್ತಲಗಳು, ಶಿಲಾಶಾಸನಗಳು, ತಾಳೆಯೋಲೆಯ ಗ್ರಂಥಗಳು. ಈ ವಿಷಯದಲ್ಲಿ ಕಾಸರಗೋಡಿನವರಾದ ನಾವು ಬಡವರೇನೂ ಅಲ್ಲ. ಬೇಕಲದ ಕೋಟೆಯುಂಟು, ಚಂದ್ರಗಿರಿಯ ಕೋಟೆಯುಂಟು. ತುಳುನಾಡಿನ ಪೂರ್ವವೃತ್ತಾಂತವನ್ನು ಶೋಧಿಸಿದ ಮಂಜೇಶ್ವರ ಗೋವಿಂದ ಪೈಗಳಂಥವರ ಪರಂಪರೆಯುಂಟು. ಆದರೆ ಹೊಳೆಗಳು ಕಡಲನ್ನು ಸೇರುವ ಅಳಿವೆಗಳ ಬದಿಯಲ್ಲಿ, ಕಾಂಡ್ಲಗಿಡಗಳ ಬೇರಿನ ನಡುವೆ ಹರಡಿಕೊಂಡಿರುವ ಕರಿಯ ಕೆಸರಿಗೂ ಒಂದು ಚರಿತ್ರೆ ಇದೆಯೆಂದರೆ ನಗುವವರೇ ಹೆಚ್ಚು. ಕಾಲಿಟ್ಟರೆ ಹೂತುಹೋಗುವ, ಕೊಳೆತ ಮೊಟ್ಟೆಯ ನಾತ ಬೀರುವ ಆ ಕೆಸರಿನಲ್ಲಿ ಬರೆಯತಕ್ಕದ್ದೇನಿದೆ? ಈ ಪ್ರಶ್ನೆಗೆ ಉತ್ತರ ಹೇಳುವುದೇ ಪ್ರಸ್ತುತ ಲೇಖನದ ಉದ್ದೇಶ. ಆ ಕೆಸರನ್ನು ಮನುಷ್ಯನು ಕಾಲಕಾಲಕ್ಕೆ ಹೇಗೆ ತಿಳಿದುಕೊಂಡನು, ಹೇಗೆ ತಪ್ಪು ತಿಳಿದನು, ಅದರ ಫಲವೇನಾಯಿತು ಎಂಬುದು ರಾಜರ ಕಥೆಗಿಂತ ಕಡಮೆ ಮಹತ್ವದ್ದಲ್ಲ.

ನಮ್ಮ ಜಿಲ್ಲೆಯ ನಕ್ಷೆಯನ್ನೊಮ್ಮೆ ನೆನೆಯೋಣ. ಬಡಗಿನಿಂದ ತೆಂಕಿಗೆ ಮಂಜೇಶ್ವರದ ಹೊಳೆ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು—ಹೀಗೆ ಹೊಳೆಯ ಬಳಿಕ ಹೊಳೆ ಬಂದು ಕಡಲನ್ನು ಕೂಡುತ್ತವೆ. ತೆಂಕಣ ತುದಿಯಲ್ಲಿ ಪಡನ್ನ ತೃಕ್ಕರಿಪುರಗಳ ಬದಿಗೆ ಕವ್ವಾಯಿಯ ಹಿನ್ನೀರು ಉಂಟು. ಸಿಹಿನೀರೂ ಉಪ್ಪುನೀರೂ ಬೆರೆಯುವ ಈ ಸ್ಥಳಗಳೇ ಕಾಂಡ್ಲದ ತವರು. ‘ಕಾಂಡ್ಲ’ವೆಂಬ ನಮ್ಮ ಮಾತೂ ‘ಕಂಡಲ್’ ಎಂಬ ಮಲೆಯಾಳದ ಮಾತೂ ಒಂದೇ ಬಳ್ಳಿಯ ಹೂಗಳು. ಕೊಚ್ಚಿಯಲ್ಲಿ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡನು ಇಲ್ಲಿಯ ವೈದ್ಯರ ನೆರವಿನಿಂದ ಸಿದ್ಧಪಡಿಸಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟುಸ್ ಮಲಬಾರಿಕುಸ್’ ಗ್ರಂಥದಲ್ಲಿ ಈ ಗಿಡಗಳನ್ನು ಕಂಡಲ್ ಎಂಬ ಹೆಸರಿನಿಂದಲೇ ವರ್ಣಿಸಿದೆ. ಮುಂದೆ 1834ರಲ್ಲಿ ವೈಟ್ ಮತ್ತು ಆರ್ನಟ್ ಎಂಬ ಸಸ್ಯಶಾಸ್ತ್ರಜ್ಞರು ಈ ಗಿಡಗಳ ಒಂದು ಕುಲಕ್ಕೆ ‘ಕಾಂಡೇಲಿಯ’ ಎಂದೇ ನಾಮಕರಣ ಮಾಡಿದರು. ನಮ್ಮ ಕರಾವಳಿಯ ಬೆಸ್ತನೂ ರೈತನೂ ಆಡುತ್ತಿದ್ದ ಮಾತು ಹೀಗೆ ಲ್ಯಾಟಿನ್ನಿನ ಪೀಠವೇರಿತು. ಗಿಡಕ್ಕೆ ಇಷ್ಟು ಗೌರವ ಬಂದರೂ ಅದು ನಿಂತ ಕೆಸರಿಗೆ ಮಾತ್ರ ಯಾರೂ ಬೆಲೆ ಕಟ್ಟಲಿಲ್ಲ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ತರತರವಾಗಿ ವಿಂಗಡಿಸಿದ ನಮ್ಮ ನಾಡಿನಲ್ಲಿ ತೀರ್ವೆ ತರದ ಅಳಿವೆಬದಿಯ ನೆಲವು ಬಹುಮಟ್ಟಿಗೆ ಪುರಂಬೋಕು. ಅಂದರೆ ಲೆಕ್ಕದ ಹೊರಗಿನದು.

ಈ ಕೆಸರು ಹೇಗೆ ಹುಟ್ಟಿತು? ಮೂರು ಕಡೆಯ ಮೂರು ಪದಾರ್ಥಗಳು ಇಲ್ಲಿ ಕೂಡುತ್ತವೆ. ನಮ್ಮ ಮುರಕಲ್ಲಿನ ಗುಡ್ಡಗಳಿಂದ ಮಳೆನೀರು ಹೊತ್ತು ತರುವುದು ಕಬ್ಬಿಣದ ಅಂಶವುಳ್ಳ ಕೆಂಪು ಮಣ್ಣು. ಕಡಲಿನಿಂದ ಬರುವುದು ಗಂಧಕದ ಲವಣ. ಒಂದು ಲೀಟರ್ ಸಮುದ್ರಜಲದಲ್ಲಿ ಸುಮಾರು 2.7 ಗ್ರಾಂನಷ್ಟು ಸಲ್ಫೇಟು ಕರಗಿಕೊಂಡಿರುತ್ತದೆ. ಕಾಂಡ್ಲವು ಕೊಡುವುದು ಉದುರಿದ ಎಲೆ, ಕೊಳೆತ ಬೇರು. ನುಣ್ಣನೆಯ ಕೆಸರಿನೊಳಗೆ ಗಾಳಿಯ ಆಮ್ಲಜನಕವು ಕೆಲವೇ ಮಿಲಿಮೀಟರುಗಳಷ್ಟು ಮಾತ್ರ ಇಳಿಯಬಲ್ಲುದು. ಅದರ ಕೆಳಗೆ ಉಸಿರಾಟಕ್ಕೆ ಆಮ್ಲಜನಕವಿಲ್ಲದ ಏಕಾಣುಜೀವಿಗಳು ಸಲ್ಫೇಟನ್ನೇ ಆಶ್ರಯಿಸಿ, ಎಲೆಯ ಕಸವನ್ನು ತಿಂದು, ಗಂಧಕವೂ ಜಲಜನಕವೂ ಕೂಡಿದ ಒಂದು ವಿಷಾನಿಲವನ್ನು ಹೊರಗೆಡಹುತ್ತವೆ. ಹೈಡ್ರೊಜನ್ ಸಲ್ಫೈಡ್ ಎಂದು ಅದರ ಹೆಸರು. ಆ ಅನಿಲವು ಕೆಂಪು ಮಣ್ಣಿನ ಕಬ್ಬಿಣವನ್ನು ಕೂಡಿದಾಗ ಕೆಸರು ಕಪ್ಪಾಗುತ್ತದೆ. ಕಾಲಕ್ರಮದಲ್ಲಿ ಪೈರೈಟ್ ಎಂಬ ಖನಿಜವೂ ಅಲ್ಲಿ ನೆಲೆಗೊಳ್ಳುತ್ತದೆ. ಗುಡ್ಡದ ಕೆಂಪೇ ಅಳಿವೆಯ ಕಪ್ಪಾಗಿ ಮಾರ್ಪಡುವುದೆಂದರೆ ಸೋಜಿಗವಲ್ಲವೆ? ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ಕತ್ತ ತೆಗೆಯುವವರಿಗೆ ಈ ನಾತವೂ ಈ ಕಪ್ಪೂ ಚಿರಪರಿಚಿತ. ಬೆಳ್ಳಿಯ ಒಡವೆಗೆ ಆ ಗಾಳಿ ತಗುಲಿದರೆ ಅದು ಮಾಸುವುದನ್ನೂ ಅವರು ಬಲ್ಲರು.

ಹಿಂದಿನ ಶತಮಾನಗಳ ಪಾಶ್ಚಾತ್ಯ ವೈದ್ಯರು ಇಂಥ ನಾತವನ್ನೇ ರೋಗದ ಮೂಲವೆಂದು ಭಾವಿಸಿದ್ದರು. ಜೌಗುನೆಲದ ಕೆಟ್ಟ ಗಾಳಿಯಿಂದ ಜ್ವರ ಹುಟ್ಟುವುದೆಂಬ ಈ ನಂಬಿಕೆ ‘ಮಲೇರಿಯ’ ಎಂಬ ಮಾತಿನಲ್ಲೇ ಅಡಗಿದೆ. ಇಟಲಿಯ ಭಾಷೆಯಲ್ಲಿ ಅದರ ಅರ್ಥ ಕೆಟ್ಟ ಗಾಳಿ ಎಂದು. 1897ರ ಆಗಸ್ಟಿನಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡುಹಿಡಿದ ಮೇಲೆ ಕೆಟ್ಟ ಗಾಳಿಯ ವಾದವು ಬಿದ್ದುಹೋಯಿತು. ವಾದ ಬಿದ್ದರೂ ಕೆಸರಿಗೆ ಅಂಟಿದ ಅಪಕೀರ್ತಿ ಮಾತ್ರ ಸುಲಭವಾಗಿ ತೊಳೆದುಹೋಗಲಿಲ್ಲ.

ಹೈಡ್ರೊಜನ್ ಸಲ್ಫೈಡು ಸಸ್ಯಕ್ಕೂ ಮೀನಿಗೂ ಮನುಷ್ಯನಿಗೂ ವಿಷವೇ ಸರಿ. ದಿನರಾತ್ರಿ ಅದು ಉತ್ಪತ್ತಿಯಾಗುತ್ತಲೇ ಇದ್ದರೆ ಅಳಿವೆಯು ಸ್ಮಶಾನವಾಗಬೇಕಾಗಿತ್ತು. ಆದರೆ ಅಲ್ಲಿ ಸಿಗಡಿಯುಂಟು, ಏಡಿಯುಂಟು, ಮರುವಾಯಿಯುಂಟು, ಮೀನಿನ ಮರಿಗಳುಂಟು, ಹಸುರಾದ ಕಾಂಡ್ಲವುಂಟು. ಹಾಗಾದರೆ ಈ ವಿಷವನ್ನು ಕುಡಿಯುವ ನೀಲಕಂಠನು ಯಾರು?

ಉತ್ತರಕ್ಕಾಗಿ ನಾವು ಸ್ವಲ್ಪ ದೂರ, ಯುರೋಪಿನ ಸ್ಟ್ರಾಸ್‌ಬರ್ಗ್ ಪಟ್ಟಣಕ್ಕೆ ಹೋಗಬೇಕು. 1856ರಲ್ಲಿ ಕೀವ್ ನಗರದಲ್ಲಿ ಹುಟ್ಟಿ, ಕೆಲಕಾಲ ಸಂಗೀತವನ್ನು ಕಲಿತು, ಬಳಿಕ ಜೀವಶಾಸ್ತ್ರದ ಕಡೆಗೆ ತಿರುಗಿದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬಾತನು 1885ರಲ್ಲಿ ಅಲ್ಲಿಯ ಆಂಟನ್ ಡಿ ಬಾರಿ ಎಂಬ ಸಸ್ಯಶಾಸ್ತ್ರಜ್ಞರ ಪ್ರಯೋಗಶಾಲೆಯನ್ನು ಸೇರಿದನು. ಆತನು ಆರಿಸಿಕೊಂಡ ವಸ್ತು ಬೆಜಿಯಟೋವ. ಗಂಧಕದ ಬುಗ್ಗೆಗಳಲ್ಲಿಯೂ ಕೊಳೆಗೆಸರಿನ ಮೇಲೂ ಬಿಳಿಯ ಎಳೆಗಳಂತೆ ಹಬ್ಬುವ ಏಕಾಣುಜೀವಿ. ಅದರ ದೇಹದಲ್ಲಿ ಗಂಧಕದ ಹರಳುಗಳು ಹೊಳೆಯುತ್ತವೆಂಬುದು ಆಗಲೇ ತಿಳಿದಿತ್ತು. ಆದರೆ ಆ ದುರ್ಗಂಧದ ಅನಿಲವನ್ನು ಉಂಟುಮಾಡುವುದೇ ಈ ಜೀವಿಯೆಂದು ಹಿರಿಯ ವಿದ್ವಾಂಸರ ಅಭಿಪ್ರಾಯವಾಗಿತ್ತು. ನಾತವಿದ್ದಲ್ಲಿ ಅದು ಇದ್ದುದರಿಂದ ನಾತಕ್ಕೆ ಅದೇ ಕಾರಣವೆಂದು ಎಣಿಸಿದರು. ಬೆಂಕಿ ಬಿದ್ದ ಮನೆಗೆ ನೀರು ಹೊತ್ತುತಂದವನನ್ನೇ ಬೆಂಕಿಯಿಟ್ಟವನೆಂದು ಹಿಡಿದಂತೆ!

ವಿನೊಗ್ರಾಡ್‌ಸ್ಕಿಯ ಪ್ರಯೋಗವು ಸರಳವಾದದ್ದು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಮೇಲೆ ಆ ಎಳೆಗಳನ್ನು ಜೀವಂತವಾಗಿರಿಸಿ, ಗಂಧಕದ ಅನಿಲವುಳ್ಳ ನೀರನ್ನು ಒಮ್ಮೆ ಕೊಟ್ಟು ಒಮ್ಮೆ ತಪ್ಪಿಸಿ, ದಿನಗಟ್ಟಲೆ ನೋಡುತ್ತ ಕುಳಿತನು. ಅನಿಲ ದೊರೆತಾಗ ದೇಹದಲ್ಲಿ ಗಂಧಕದ ಹರಳುಗಳು ತುಂಬಿದವು. ತಪ್ಪಿಸಿದಾಗ ಹರಳುಗಳು ಕರಗಿ ಗಂಧಕಾಮ್ಲವಾಗಿ ಹೊರಬಿದ್ದವು. ಹರಳು ಪೂರ್ತಿ ತೀರಿದಾಗ ಜೀವಿಯು ಹಸಿದು ಸೊರಗಿತು. 1887ರಲ್ಲಿ ಆತನು ಪ್ರಕಟಿಸಿದ ಸಿದ್ಧಾಂತವಿದು: ಈ ಜೀವಿಯು ವಿಷವನ್ನು ಹುಟ್ಟಿಸುವುದಿಲ್ಲ, ಉಣ್ಣುತ್ತದೆ, ಆ ಅನಿಲವನ್ನು ಆಮ್ಲಜನಕದೊಡನೆ ಕೂಡಿಸಿ, ಅದರಿಂದ ಹೊರಡುವ ಶಕ್ತಿಯಿಂದಲೇ ಬದುಕುತ್ತದೆ. ಅನ್ನವಾಗಲಿ ಬೆಳಕಾಗಲಿ ಇಲ್ಲದೆ, ಕಲ್ಲುಮಣ್ಣುಗಳ ಜಾತಿಯ ನಿರ್ಜೀವ ಪದಾರ್ಥದಿಂದ ಜೀವಿಯೊಂದು ಶಕ್ತಿಯನ್ನು ಪಡೆಯಬಹುದೆಂಬುದು ಅದುವರೆಗೆ ಯಾರ ಊಹೆಗೂ ಬಂದಿರಲಿಲ್ಲ. ಮುಂದೆ 1890ರ ಹೊತ್ತಿಗೆ, ಮಣ್ಣಿನಲ್ಲಿ ಸಾರಜನಕವನ್ನು ಪರಿವರ್ತಿಸುವ ಬೇರೆ ಏಕಾಣುಜೀವಿಗಳನ್ನು ಪರಿಶೋಧಿಸಿ, ಇಂಥವು ಹಸುರು ಗಿಡಗಳಂತೆ ಇಂಗಾಲಾಮ್ಲ ವಾಯುವಿನಿಂದಲೇ ತಮ್ಮ ದೇಹವನ್ನು ಕಟ್ಟಿಕೊಳ್ಳಬಲ್ಲವೆಂಬುದನ್ನೂ ಆತನು ಸ್ಥಾಪಿಸಿದನು.

ನಾತದ ನಿಜವಾದ ಕರ್ತೃವನ್ನು 1895ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬೈಯರಿಂಕ್ ಎಂಬ ವಿದ್ವಾಂಸರು ಬೇರೆಯಾಗಿ ಗುರುತಿಸಿದರು. ಸಲ್ಫೇಟಿನಿಂದ ವಿಷಾನಿಲವನ್ನು ಮಾಡುವ ಜೀವಿ ಒಂದು, ಆ ಅನಿಲವನ್ನು ಉಂಡು ಮತ್ತೆ ಸಲ್ಫೇಟನ್ನಾಗಿ ಮಾಡುವ ಜೀವಿ ಇನ್ನೊಂದು. ಹೀಗೆ ಗಂಧಕವು ಕೆಸರಿನಲ್ಲಿ ಚಕ್ರದಂತೆ ತಿರುಗುತ್ತದೆ. ತೀರದ ಬಳಿಯ ಕಡಲಿನ ಕೆಸರಿನಲ್ಲಿ ಕೊಳೆಯುವ ಜೈವಿಕ ಕಸದ ಸುಮಾರು ಅರ್ಧ ಭಾಗವು ಸಲ್ಫೇಟನ್ನು ಅವಲಂಬಿಸಿದ ಜೀವಿಗಳಿಂದಲೇ ಕರಗುತ್ತದೆಂದು ಇಂದು ಲೆಕ್ಕಹಾಕಿದ್ದಾರೆ. ಎರಡನೆಯ ಪಂಗಡವು ಇಲ್ಲದಿದ್ದರೆ ಮೊದಲನೆಯದರ ದುಡಿಮೆಯೇ ಅಳಿವೆಯನ್ನು ಕೊಲ್ಲುತ್ತಿತ್ತು.

ಈ ಚಕ್ರವನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಕಣ್ಣಾರೆ ತೋರಿಸಬಹುದು. ಅದಕ್ಕೂ ದಾರಿ ಹಾಕಿಕೊಟ್ಟವನು ವಿನೊಗ್ರಾಡ್‌ಸ್ಕಿಯೇ. ಎತ್ತರವಾದ ಗಾಜಿನ ಭರಣಿಯಲ್ಲಿ ಅಳಿವೆಯ ಕೆಸರನ್ನು ತುಂಬಿ, ಹರಿದ ಕಾಗದದ ಚೂರನ್ನೂ ಮೊಟ್ಟೆಯ ಹಳದಿಯನ್ನೂ ಪುಡಿಮಾಡಿದ ಚಿಪ್ಪನ್ನೂ ಬೆರೆಸಿ, ಮೇಲೆ ಹೊಳೆಯ ನೀರನ್ನು ಹಾಕಿ, ಮುಚ್ಚಿ ಕಿಟಕಿಯ ಬೆಳಕಿಗೆ ಇಡಬೇಕು. ಕೆಲವು ವಾರಗಳಲ್ಲಿ ಕೆಳಗೆ ಕಪ್ಪು, ಅದರ ಮೇಲೆ ಹಸುರು, ಮತ್ತೂ ಮೇಲೆ ನೇರಿಳೆಯ ಪಟ್ಟೆಗಳು ಮೂಡುತ್ತವೆ. ಹಸುರೂ ನೇರಿಳೆಯೂ ಬೆಳಕಿನ ನೆರವಿನಿಂದ ಆ ಅನಿಲವನ್ನು ಬಳಸುವ ಗಂಧಕಜೀವಿಗಳ ವಸತಿ. ಕಾಸು ಖರ್ಚಿಲ್ಲದ ಈ ಭರಣಿ ಪಾಠಪುಸ್ತಕದ ಹಲವು ಪುಟಗಳಿಗೆ ಸಮ.

ಇನ್ನು ಕಾಂಡ್ಲದ ಮರದ ಪಾತ್ರ. ಇಬ್ನ್ ಸೀನಾ ಎಂಬ ಪ್ರಾಚೀನ ವೈದ್ಯರ ಸ್ಮರಣಾರ್ಥ ಅವಿಸೆನ್ನಿಯ ಎಂದು ಹೆಸರು ಪಡೆದ ಮರವೊಂದು ನಮ್ಮ ಅಳಿವೆಗಳಲ್ಲಿಯೂ ಉಂಟು. ಕೆಸರಿನಿಂದ ಮೇಲಕ್ಕೆ ಗೂಟಗಳಂತೆ ಎದ್ದುನಿಲ್ಲುವ ಅದರ ಉಸಿರುಬೇರುಗಳನ್ನು ನೋಡದವರಿಲ್ಲ. ಇಳಿತದ ವೇಳೆಯಲ್ಲಿ ಅವು ಗಾಳಿಯನ್ನು ಎಳೆದುಕೊಂಡು ಕೆಳಗಿನ ಬೇರುಗಳಿಗೆ ಮುಟ್ಟಿಸುತ್ತವೆ. ಆ ಬೇರುಗಳಿಂದ ಆಮ್ಲಜನಕವು ಸುತ್ತಲಿನ ಕೆಸರಿಗೆ ಕೊಂಚ ಜಿನುಗುತ್ತದೆ. ಜಿನುಗಿದ ಆಮ್ಲಜನಕವೂ ಕೆಸರಿನ ವಿಷಾನಿಲವೂ ಸಂಧಿಸುವ ಗಡಿಯಲ್ಲೇ ಗಂಧಕಜೀವಿಗಳ ಬೀಡು. ಮರವು ಅವಕ್ಕೆ ಉಸಿರು ಕೊಡುತ್ತದೆ. ಅವು ಬೇರಿಗೆ ವಿಷ ತಗುಲದಂತೆ ಕಾಯುತ್ತವೆ. ಏಡಿಗಳು ತೋಡಿದ ಬಿಲಗಳೂ ಇದೇ ರೀತಿಯಾಗಿ ಗಾಳಿಗೆ ದಾರಿ ಮಾಡುತ್ತವೆ.

ಇಷ್ಟರಿಂದ ಈ ಜೀವಿಗಳನ್ನು ನಮ್ಮ ಹಿತೈಷಿಗಳೆಂದೇ ತೀರ್ಮಾನಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾದೀತು. ಕೆಸರು ನೀರಿನಡಿಯಲ್ಲಿ ಇರುವಷ್ಟು ಕಾಲ ಅದರೊಳಗಿನ ಪೈರೈಟ್ ನಿದ್ರೆಯಲ್ಲಿರುತ್ತದೆ. ಒಡ್ಡು ಕಟ್ಟಿ, ನೀರು ಬಸಿದು, ಕೆಸರನ್ನು ಬಿಸಿಲಿಗೆ ಒಣಗಲು ಬಿಟ್ಟರೆ ಗಾಳಿ ಒಳಹೊಕ್ಕು ಆ ಗಂಧಕವು ಒಮ್ಮೆಗೇ ಎಚ್ಚರಗೊಳ್ಳುತ್ತದೆ. ಆಗ ಏಕಾಣುಜೀವಿಗಳು ಮಿತಿಯಿಲ್ಲದೆ ಉಂಡು ಮಣ್ಣಿನಲ್ಲಿ ಗಂಧಕಾಮ್ಲವನ್ನು ತುಂಬುತ್ತವೆ. ಹಾಲೆಂಡಿನಲ್ಲಿ 1852ರಲ್ಲಿ ಹಾರ್ಲೆಮ್ ಸರೋವರವನ್ನು ಬತ್ತಿಸಿ ಹೊಲ ಮಾಡಿದಾಗ ಕೆಲವೆಡೆ ಪೈರು ಏಳದೆ ಹೋಯಿತು. ಅಂಥ ಹುಳಿಮಣ್ಣನ್ನು ಅಲ್ಲಿಯ ರೈತರು ಬೆಕ್ಕಿನ ಜೇಡಿಯೆಂದು ಕರೆಯುತ್ತಿದ್ದರು. ಕಾರಣರಾದ ಜೀವಿಗಳ ಗುರುತು ಬಹುಕಾಲದ ಮೇಲೆ ಸಿಕ್ಕಿತು. 1922ರಲ್ಲಿ ಅಮೆರಿಕದ ವಾಕ್ಸ್‌ಮನ್ ಮತ್ತು ಜಾಫಿ ಎಂಬವರು, ತಾನೇ ಮಾಡಿದ ತೀಕ್ಷ್ಣ ಆಮ್ಲದಲ್ಲಿಯೂ ಸುಖವಾಗಿ ಬಾಳುವ ಥಯೋಬ್ಯಾಸಿಲಸ್ ಥಯೋಆಕ್ಸಿಡನ್ಸ್ ಎಂಬ ಜೀವಿಯನ್ನು ವರ್ಣಿಸಿದರು. ಕ್ಷಯರೋಗದ ಮದ್ದಾದ ಸ್ಟ್ರೆಪ್ಟೊಮೈಸಿನ್ನಿಗಾಗಿ 1952ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಇದೇ ವಾಕ್ಸ್‌ಮನ್. 1947ರಲ್ಲಿ ಕೋಲ್ಮರ್ ಮತ್ತು ಹಿಂಕಲ್ ಎಂಬವರು ಕಲ್ಲಿದ್ದಲ ಗಣಿಯ ಹುಳಿನೀರಿನಲ್ಲಿ ಕಬ್ಬಿಣವನ್ನೂ ಉತ್ಕರ್ಷಿಸುವ ಸಂಬಂಧಿಯೊಂದನ್ನು ಕಂಡರು.

ಹಾಲೆಂಡಿನವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ. ಕೇರಳದ ಕುಟ್ಟನಾಡಿನಲ್ಲಿ ಇದ್ದಲಿನಂತೆ ಕಪ್ಪಾದ ‘ಕರಿ’ನೆಲಗಳಿವೆ. ಬೇಸಗೆಯಲ್ಲಿ ಅವು ಒಣಗಿದರೆ ಹುಳಿಯೇರಿ, ಬೇರನ್ನೂ ಮೀನನ್ನೂ ಪೀಡಿಸುತ್ತವೆ. ಇಂಥ ನೆಲದೊಡನೆ ಬಾಳುವ ವಿದ್ಯೆಯನ್ನು ನಮ್ಮ ಕರಾವಳಿಯ ರೈತರು ಸೂಕ್ಷ್ಮದರ್ಶಕದ ಸಹಾಯವಿಲ್ಲದೆಯೇ ಕಲಿತಿದ್ದರು. ಕಣ್ಣೂರು ಕಾಸರಗೋಡು ಕಡೆಯ ಕೈಪಾಡ್ ಗದ್ದೆಗಳನ್ನು ನೋಡಿರಿ. ಬೇಸಗೆಯ ಕೊನೆಯಲ್ಲಿ ಕೆಸರನ್ನು ಸಣ್ಣ ಸಣ್ಣ ಗುಪ್ಪೆಗಳಾಗಿ ಏರಿಸಿ ಮಳೆಗಾಗಿ ಕಾಯುತ್ತಾರೆ. ಮುಂಗಾರಿನ ಮಳೆ ಗುಪ್ಪೆಯಿಂದ ಉಪ್ಪನ್ನೂ ಹುಳಿಯನ್ನೂ ತೊಳೆದ ಮೇಲೆ ಅದರ ನೆತ್ತಿಯಲ್ಲಿ ಮೊಳಕೆಯ ಬೀಜ ಬಿತ್ತುತ್ತಾರೆ. ಸಸಿ ಬೆಳೆದಾಗ ಗುಪ್ಪೆಯನ್ನು ಒಡೆದು ಸುತ್ತಲೂ ಹರಡುತ್ತಾರೆ. ಕೊಯ್ಲಾದ ಬಳಿಕ ಗದ್ದೆಯನ್ನು ಒಣಹಾಕದೆ ಮತ್ತೆ ಉಪ್ಪುನೀರಿಗೆ ಬಿಟ್ಟುಕೊಡುತ್ತಾರೆ. ಆಗ ಸಿಗಡಿಯ ಬೆಳೆ. ಬಡಗಣದ ಅಘನಾಶಿನಿಯ ಗಜನಿಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗದ ಭತ್ತವನ್ನು ಬೆಳೆದು, ಬಳಿಕ ಮೀನು ಸಿಗಡಿಗಳಿಗೆ ನೀರನ್ನು ಒಳಬಿಡುವುದೂ ಇದೇ ನೀತಿ. ಪೈರೈಟಿನ ಹೆಸರು ಕೇಳದ ಈ ರೈತರು ಅದನ್ನು ನಿದ್ರೆಯಿಂದ ಎಬ್ಬಿಸದೆ ಅದರ ಮೇಲೆ ಅನ್ನ ಬೆಳೆದರು. ಕೆಸರಿನ ಚರಿತ್ರೆಯಲ್ಲಿ ವಿನೊಗ್ರಾಡ್‌ಸ್ಕಿಗೆ ಒಂದು ಅಧ್ಯಾಯ ಸಲ್ಲುವುದಾದರೆ ಇವರಿಗೂ ಒಂದು ಸಲ್ಲಬೇಕು.

ಮತ್ತೆ ವಿಜ್ಞಾನದ ಕಥೆಗೆ ಬರೋಣ. 1977ರಲ್ಲಿ ಗಲಪಗೋಸ್ ದ್ವೀಪಗಳ ಬಳಿ ಸುಮಾರು 2500 ಮೀಟರ್ ಆಳದಲ್ಲಿ, ಸೂರ್ಯನ ಕಿರಣವೇ ಕಾಣದ ಕಡಲತಳದ ಬಿಸಿನೀರಿನ ಬುಗ್ಗೆಗಳ ಸುತ್ತ ಜೀವಿಗಳ ದೊಡ್ಡ ಸಂತೆಯೇ ಕಂಡುಬಂದಿತು. ಅಲ್ಲಿಯ ದೈತ್ಯ ಕೊಳವೆಹುಳುಗಳಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಅವುಗಳ ದೇಹದೊಳಗೆ ನೆಲೆಸಿ ಅವನ್ನು ಪೋಷಿಸುವುದು ಗಂಧಕವನ್ನು ಉತ್ಕರ್ಷಿಸುವ ಏಕಾಣುಜೀವಿಗಳೇ ಎಂಬುದನ್ನು 1981ರಲ್ಲಿ ಕಾಲೀನ್ ಕ್ಯಾವನಾ ಎಂಬ ಸಂಶೋಧಕಿ ತೋರಿಸಿಕೊಟ್ಟರು.

ಇದಕ್ಕಿಂತಲೂ ಹತ್ತಿರದ ಅಚ್ಚರಿಯು ಕಾಂಡ್ಲದ ನೆರಳಿನಲ್ಲೇ ಕಾದಿತ್ತು. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದ ಕಾಂಡ್ಲವನದಲ್ಲಿ ಒಲಿವಿಯೆ ಗ್ರೋ ಎಂಬ ಪ್ರಾಧ್ಯಾಪಕರು 2009ರಲ್ಲಿ ಮುಳುಗಿ ಕೊಳೆಯುತ್ತಿದ್ದ ಎಲೆಗಳ ಮೇಲೆ ಬಿಳಿಯ ದಾರದಂಥ ಎಳೆಗಳನ್ನು ಕಂಡರು. ಬರಿಗಣ್ಣಿಗೆ ಕಾಣುವಂಥದು ಏಕಾಣುಜೀವಿಯಾಗಿರಲಾರದೆಂದು ಮೊದಲು ಭಾವಿಸಲಾಯಿತು. ವರ್ಷಗಳ ಪರಿಶೀಲನೆಯ ಬಳಿಕ 2022ರ ಜೂನಿನಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದೊಂದು ಎಳೆಯೂ ಒಂದೇ ಜೀವಕೋಶ, ಸರಾಸರಿ ಉದ್ದ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್, ಕೆಲವು ಎರಡು ಸೆಂಟಿಮೀಟರ್. ಏಕಾಣುಜೀವಿಗಳಲ್ಲಿ ಇಷ್ಟು ದೊಡ್ಡದು ಅದುವರೆಗೆ ತಿಳಿದಿರಲಿಲ್ಲ. ಅದರ ಆನುವಂಶಿಕ ದ್ರವ್ಯವೂ ಪೊರೆಯುಳ್ಳ ಸಣ್ಣ ಚೀಲಗಳಲ್ಲಿ ತುಂಬಿರುವುದನ್ನು ಕಂಡು, ಏಕಾಣುಜೀವಿಗಳಲ್ಲಿ ಅಂಥ ವ್ಯವಸ್ಥೆ ಇಲ್ಲವೆಂದು ಬರೆದಿದ್ದ ಪಾಠಪುಸ್ತಕಗಳು ತಲೆ ತಗ್ಗಿಸಬೇಕಾಯಿತು. ಅದಕ್ಕಿಟ್ಟ ಹೆಸರು ಥಯೋಮಾರ್ಗರಿಟ ಮ್ಯಾಗ್ನಿಫಿಕ. ಗಂಧಕದ ಭವ್ಯವಾದ ಮುತ್ತು ಎಂದು ಅರ್ಥ.

ನಮ್ಮ ದೇಶದಲ್ಲಿಯೂ ಈ ಕೆಸರಿನ ಅಭ್ಯಾಸ ನಡೆದಿದೆ. 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಸಂಶೋಧಕರು 1980ರ ದಶಕದಲ್ಲಿ ಗೋವೆಯ ಕಾಂಡ್ಲಕೆಸರಿನಲ್ಲಿ ಸಲ್ಫೇಟನ್ನು ಅವಲಂಬಿಸಿದ ಏಕಾಣುಜೀವಿಗಳನ್ನು ಪರಿಶೋಧಿಸಿದರು. ನಮ್ಮ ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಕಾಂಡ್ಲಮಣ್ಣಿನ ಜೀವಾಣುಸಮೂಹವನ್ನು ಇತರ ಮಣ್ಣುಗಳ ಸಮೂಹದೊಂದಿಗೆ ಹೋಲಿಸಿ ಪ್ರಬಂಧವನ್ನು ಪ್ರಕಟಿಸಿದರು. ಪುರಂಬೋಕಿನ ಕೆಸರು ಲೆಕ್ಕದೊಳಕ್ಕೆ ಬರತೊಡಗಿದೆಯೆನ್ನಬಹುದು.

ಆದರೆ ಲೆಕ್ಕಕ್ಕೆ ಬರುವ ಹೊತ್ತಿಗೆ ಉಳಿದಿರುವುದೆಷ್ಟು? ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿಯಲ್ಲಿ ಇಡೀ ಕೇರಳದ ಕಾಂಡ್ಲವನದ ವಿಸ್ತಾರ 9 ಚದರ ಕಿಲೋಮೀಟರ್, ಕರ್ನಾಟಕದ್ದು 13. ಕಾನೂನುಗಳು ಇಲ್ಲವೆಂದಲ್ಲ. 1991ರ ಕರಾವಳಿ ನಿಯಂತ್ರಣ ಪ್ರಕಟಣೆಯು ಕಾಂಡ್ಲವನಗಳಿಗೆ ರಕ್ಷಣೆ ಕೊಟ್ಟಿತು. ಕೇರಳದ 2008ರ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಶಾಸನವು ಕಾಂಡ್ಲವನ್ನೂ ಜೌಗುನೆಲದೊಳಗೆ ಸೇರಿಸಿತು. ಕಣ್ಣೂರು ಜಿಲ್ಲೆಯ ಏಳೋಮಿನ ಕಲ್ಲೇನ್ ಪೊಕ್ಕುಡನ್ ಎಂಬ ಗದ್ದೆಯ ಕೂಲಿಕಾರರು 1989ರಿಂದ ತಮ್ಮ ಕೈಯಾರೆ ಕಾಂಡ್ಲದ ಸಸಿಗಳನ್ನು ನೆಡುತ್ತ ಬಂದು, 2015ರಲ್ಲಿ ತೀರಿಕೊಳ್ಳುವ ತನಕ ಆ ವ್ರತವನ್ನು ಬಿಡಲಿಲ್ಲ. ಇಷ್ಟಾದರೂ ಗುಡ್ಡವನ್ನು ಅಗೆದ ಕೆಂಪು ಮಣ್ಣನ್ನು ತಂದು ಅಳಿವೆಬದಿಯ ಕೆಸರನ್ನು ಮುಚ್ಚಿದರೆ ಹಾಳುನೆಲ ಉದ್ಧಾರವಾಯಿತೆಂದು ಹಿಗ್ಗುವ ಮನೋಭಾವ ನಮ್ಮಲ್ಲಿ ಅಳಿದಿಲ್ಲ. ಮಳೆಯು ನಿಧಾನವಾಗಿ ತಂದು, ಕಡಲಿನ ಗಂಧಕದೊಡನೆ ಹದವಾಗಿ ಬೆರೆಸುತ್ತಿದ್ದ ಆ ಮಣ್ಣನ್ನೇ ನಾವು ಒಂದು ದಿನದಲ್ಲಿ ಸುರಿದು ಬೇರಿನ ಉಸಿರು ಕಟ್ಟಿಸುತ್ತೇವೆ. ಕೆಸರನ್ನು ತೋಡಿ ದಂಡೆಗೆ ರಾಶಿ ಹಾಕಿದರೂ ಕ್ಷೇಮವಲ್ಲ. ಒಣಗಿದ ರಾಶಿಯಿಂದ ಮೊದಲ ಮಳೆಗೆ ಇಳಿಯುವ ಹುಳಿನೀರು ಕೆಳಗಿನ ಮೀನಿಗೆ ಮೃತ್ಯುವಾದೀತು.

ಒಂದೇ ಜಾತಿಯ ಜೀವಿಗಳು ನೀರಿನಡಿಯಲ್ಲಿ ವಿಷವನ್ನು ಉಣ್ಣುತ್ತವೆ, ನೀರು ಬಸಿದಾಗ ಆಮ್ಲವನ್ನು ಕಾರುತ್ತವೆ. ಅವುಗಳ ಸ್ವಭಾವ ಬದಲಾದದ್ದಲ್ಲ. ನಾವು ನೀರಿನೊಡನೆ ನಡೆದುಕೊಂಡ ರೀತಿ ಬದಲಾದದ್ದು. ಹೊಳೆಬದಿಯ ಹಿರಿಯರು ಇದನ್ನು ಅನುಭವದಿಂದ ಅರಿತಿದ್ದರು. ಯಾವ ಕೆಸರನ್ನು ಮುಟ್ಟಬಾರದು, ಯಾವ ತಿಂಗಳಲ್ಲಿ ನೀರನ್ನು ಒಳಬಿಡಬೇಕು, ಯಾವ ಮಣ್ಣು ಹುಳಿ ಎಂಬುದಕ್ಕೆಲ್ಲ ಅವರಲ್ಲಿ ತುಳುವಿನಲ್ಲಿಯೂ ಕನ್ನಡದಲ್ಲಿಯೂ ಮಲೆಯಾಳದಲ್ಲಿಯೂ ಮಾತುಗಳಿವೆ. ಅವು ಯಾವ ಕೋಶದಲ್ಲಿಯೂ ಪೂರ್ತಿಯಾಗಿ ಸೇರಿಲ್ಲ. ಆಡುವವರೊಂದಿಗೇ ಅವು ಕಣ್ಮರೆಯಾಗುತ್ತಿವೆ. ನಮ್ಮ ಸಂಘದ ಸದಸ್ಯರಲ್ಲಿ ಅಳಿವೆಬದಿಯ ಮನೆಯವರು ಅನೇಕರಿದ್ದಾರೆ. ತಂತಮ್ಮ ಊರಿನ ಹಿರಿಯರನ್ನು ಕೇಳಿ ಇಂಥ ಮಾತುಗಳನ್ನೂ ವಾಡಿಕೆಗಳನ್ನೂ ಬರೆದು ಪತ್ರಿಕೆಗೆ ಕಳುಹಿಸಿದರೆ, ಕೆಸರಿನ ಚರಿತ್ರೆಯಲ್ಲಿ ನಮ್ಮ ಪಾಲಿನ ಅಧ್ಯಾಯವನ್ನು ನಾವೇ ಬರೆದಂತಾಗುವುದು. ಉಳಿದಿರುವ ಕಾಂಡ್ಲದ ಬುಡಕ್ಕೆ ಕೆಂಪು ಮಣ್ಣು ಬೀಳುವ ಮೊದಲೇ ಈ ಕೆಲಸ ಆಗಬೇಕಾಗಿದೆ.